ಕಟ್ಟುವುದೋ, ಕೊಳ್ಳುವುದೋ

ನನ್ನ ಗಂಡ ಅಪ್ಪಾಸಾಹೇಬರಿಗೆ ಒಂದು ಕಾರಿನ ಹುಚ್ಚು ಹಿಡಿದು ಎಷ್ಟೋ ವರ್ಷಗಳಾದವು. ಅರವತ್ತರ ದಶಕದ ಕೋಬ್ರಾ ಎಂಬ ಓಟದ ಕಾರು. ಅಸಲಿ ಕಾರನ್ನು ಈಗ ಮ್ಯೂಸಿಯಮ್ಮಿನಲ್ಲಿ ನೋಡಬೇಕು, ಇಲ್ಲವೇ ಕೋಟ್ಯಧೀಶರ ಗ್ಯಾರೇಜಿನಲ್ಲಿ. ನಮ್ಮಂಥವರಿಗೆ ಅದರ ತದ್ರೂಪು ಸಿಗುತ್ತದೆ. ಯಾರೋ ಕಟ್ಟಿ ಮುಗಿಸಿದ್ದನ್ನು ಕೊಳ್ಳಬಹುದು. ಇಲ್ಲವೇ ಬಿಡಿಭಾಗಗಳ ಕಿಟ್ಟು ತರಿಸಿ, ಎಂಜಿನ್ನು ಬೇರೆ ಹುಡುಕಿ, ಮನೆಯ ಗ್ಯಾರೇಜಿನಲ್ಲೇ ನಟ್ಟು ಬೋಲ್ಟು ಬಿಗಿದು ಕಟ್ಟಬಹುದು. ಆಫೀಸಿಗೆ ಹೋಗುವವರು ಶನಿವಾರ ಭಾನುವಾರ ಕೂತು ಕಟ್ಟಿದರೆ ಎರಡು ವರ್ಷ ಹಿಡಿಯುತ್ತದಂತೆ.

ಇದರಲ್ಲಿ ಯಾವುದು ಎಂಬುದೇ ನಮ್ಮ ಡ್ಯಾನ್‌ವಿಲ್ ಮನೆಯಲ್ಲಿ ಊಟದ ಹೊತ್ತಿನ ಮಾತು. ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಓದಿ, ಈ ಪರದೇಶಕ್ಕೆ ಬಂದು ಮೆನ್ಲೋ ಪಾರ್ಕಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೂದಲು ಬೆಳ್ಳಗಾದ ಮನುಷ್ಯ. ಕೈಗೆ ಗ್ರೀಸು ಹತ್ತಿ ಯಾವ ಕಾಲವಾಯಿತೋ. ಒಂದು ವಾರ "ಕಟ್ಟಿದರ ಅದರ ಮಜಾನ ಬ್ಯಾರೆ" ಎನ್ನುವುದು, ಮರುವಾರ "ತಯಾರ್ ಇದ್ದದ್ದ ತಗೊಂಡ್ರ ನಾಳೆನ ಓಡಸಬಹುದಲ್ಲ" ಎನ್ನುವುದು. ಮನೆಗೆ ಯಾರಾದರೂ ಬಂದರೆ ಅವರ ತಲೆಯನ್ನೂ ತಿನ್ನುವುದು. ನಾನು ರೇಗದ ದಿನವಿಲ್ಲ.

"ಏನರ ಒಂದ ಮಾಡ್ರಿ, ಇಲ್ಲಾ ಬಾಯಿ ಮುಚ್ಚಿ ಊಟ ಮಾಡ್ರಿ," ಎಂದರೆ ನಗುತ್ತಿದ್ದರು.

"ವಿಚಾರ ಮಾಡಾಕ ಬಿಡ ವಿಜೂ. ಅದಕ್ಕೇನ ಟ್ಯಾಕ್ಸ್ ಇಲ್ಲಲ್ಲ."

ಈ ಫೆಬ್ರವರಿಯಲ್ಲಿ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ಡಿಶ್‌ವಾಷರಿನ ಬಾಗಿಲು ತೆಗೆದಿದ್ದರೆ ಮೊಣಕಾಲು ಬಡಿದುಕೊಳ್ಳುವುದು, ಪಕ್ಕದಲ್ಲೇ ನಿಂತವರನ್ನು ದಾಟಿಕೊಂಡು ಹೋಗಿಬಿಡುವುದು ಹೆಚ್ಚಾಗಿತ್ತು. ಲಕ್ಷ್ಯ ಎಲ್ಲಿರುತ್ತದೆ ನಿಮ್ಮದು ಎಂದು ನಾನು ಬೈಯುತ್ತಲೇ ಇದ್ದೆ. ಲಕ್ಷ್ಯದ ಪ್ರಶ್ನೆಯೇ ಅಲ್ಲ, ಇವರಿಗೆ ಅಂಚುಗಳು ಕಾಣುತ್ತಿರಲಿಲ್ಲ. ನೋಟವು ಸುತ್ತಲಿನಿಂದ ಸಣ್ಣಗಾಗುತ್ತ ನಡುವಿಗೆ ಬಂದು, ಕೊನೆಗೆ ಅದೂ ಆರಿಹೋಗುವ ಕಾಯಿಲೆ. ಮದ್ದಿಲ್ಲ. ಹಗಲು ಹೊತ್ತು ಮನೆಯ ಸುತ್ತಮುತ್ತ ಸದ್ಯಕ್ಕೆ ಕಾರು ಓಡಿಸಬಹುದು, ವರ್ಷದ ಕೊನೆಗೆ ಅದನ್ನೂ ಬಿಡಬೇಕಾದೀತು ಎಂದರು ಡಾಕ್ಟರು. ಮುಂದಿನದ್ದನ್ನು ನಾವು ಕೇಳಲಿಲ್ಲ.

ಮನೆಗೆ ಬಂದು ಇವರು ಹೇಳಿದ್ದು ಇಷ್ಟೇ. "ಯಾರ ಮುಂದೂ ಹೇಳಬ್ಯಾಡ. ಅಯ್ಯೋ ಪಾಪ ಅನಿಸಿಕೊಂಡ ಬದುಕಾಕ ನನ್ನ ಕಡೆ ಆಗೂದಿಲ್ಲ."

ಹೇಳಲಿಲ್ಲ. ಆಫೀಸಿಗೆ ನಾನೇ ಬಿಟ್ಟು ಬರತೊಡಗಿದೆ. ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದಾಗ ಇವರ ತೋಳಿಗೆ ತೋಳು ತಾಗಿಸಿಕೊಂಡೇ ನಡೆದೆ. ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ನೋಡಿ ಎಂದು ಯಾರೋ ಕೀಟಲೆ ಮಾಡಿದರು. ನಾನೂ ನಕ್ಕೆ. ತೋಳು ಮಾತ್ರ ಬಿಡಲಿಲ್ಲ.

ಅಂದಿನಿಂದ ಕಾರಿನ ಮಾತಿನ ಧಾಟಿಯೇ ಬದಲಾಯಿತು. ಇವರು "ಕಟ್ಟೂದ" ಎಂದು ಪಟ್ಟು ಹಿಡಿದರು. ಕೊಳ್ಳುವ ಮಾತೇ ಇಲ್ಲ. ಯಾಕೆಂದು ನನಗೆ ಗೊತ್ತಿತ್ತು. ಕೊಳ್ಳೋಣ ಎಂದರೆ, ಎರಡು ವರ್ಷ ಕಾಯಲು ಕಣ್ಣು ಉಳಿಯುವುದಿಲ್ಲ ಎಂದು ಬಾಯಿಬಿಟ್ಟು ಒಪ್ಪಿದಂತೆ. ಅದೇ ಕಾರಣಕ್ಕೆ ನನಗೂ "ಕೊಳ್ರಿ" ಎನ್ನಲು ನಾಲಗೆ ಏಳುತ್ತಿರಲಿಲ್ಲ. ಹೂಂ, ಕಟ್ರಿ ಎನ್ನುತ್ತಿದ್ದೆ. ಕಟ್ಟಿ ಮುಗಿಸುವ ಹೊತ್ತಿಗೆ ಅದನ್ನು ಓಡಿಸುವವರು ಯಾರು? ಒಂದೇ ಒಂದು ಸಲ ಈ ಮನುಷ್ಯ ಆ ಕಾರಿನ ಸ್ಟೀರಿಂಗು ಹಿಡಿದು ಹೋಗಲಿ, ದೇವರೇ, ಅಷ್ಟು ಸಾಕು ಎಂದು ದಿನಾ ಬೇಡಿಕೊಳ್ಳುತ್ತಿದ್ದೆ.

ಆಗಲೇ ಕನ್ನಡ ಕೂಟದ ಆನಂದತೀರ್ಥರು ತಮ್ಮ ಕೋಬ್ರಾ ಮಾರುತ್ತಾರಂತೆ ಎಂಬ ಸುದ್ದಿ ಬಂತು. ಮೈಸೂರಿನವರು, ಕ್ಯಾಂಪ್‌ಬೆಲ್ಲಿನಲ್ಲಿ ಮನೆ, ರಿಟೈರಾದ ಎಂಜಿನಿಯರು. ವರ್ಷಗಟ್ಟಲೆ ಕೂತು ಸ್ವಂತ ಕೈಯಿಂದ ಕಟ್ಟಿದ ಕಾರು. ಈಗ ಬೆನ್ನು ಹಿಡಿದುಕೊಂಡು ಆ ತಗ್ಗು ಸೀಟಿನಲ್ಲಿ ಕೂತು ಏಳಲು ಆಗುತ್ತಿಲ್ಲವಂತೆ. ಸುಮ್ಮನೆ ನೋಡಿ ಬರೋಣ, ಕಟ್ಟುವವರು ಒಂದು ಸಲ ನೋಡಿಕೊಳ್ಳಬೇಕಲ್ಲ ಎಂದು ಇವರನ್ನು ಹೊರಡಿಸಿದೆ. ಫ್ರೀವೇಯಲ್ಲಿ ನಾನೇ ಓಡಿಸಿದೆ.

ಕಾರು ನಿಜಕ್ಕೂ ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ಕಡುನೀಲಿ ಬಣ್ಣ, ಮೂತಿಯಿಂದ ಬಾಲದವರೆಗೆ ಎರಡು ಬಿಳಿ ಪಟ್ಟೆ. ಇವರು ಅದರ ಮೈಮೇಲೆ ಅಂಗೈ ಆಡಿಸಿದರು, ಎಮ್ಮೆ ಕೊಳ್ಳಲು ಬಂದವರು ಸವರಿ ನೋಡುವ ಹಾಗೆ. ಆನಂದತೀರ್ಥರು ಬಾನೆಟ್ಟು ಎತ್ತಿ ಎಂಜಿನ್ನು ಶುರು ಮಾಡಿದರು. ಆ ಸದ್ದಿಗೆ ಬೀದಿಯಲ್ಲಿ ನಿಂತಿದ್ದ ಯಾರದೋ ಕಾರಿನ ಅಲಾರಮ್ಮು ಹೊಡೆದುಕೊಳ್ಳತೊಡಗಿತು. ಇವರು ನಕ್ಕರು. ಫೆಬ್ರವರಿಯ ನಂತರ ಇವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ತಡೆಯಲಾಗಲಿಲ್ಲ ನನಗೆ. "ಇದನ್ನ ನಮಗ ಕೊಟ್ಟುಬಿಡ್ರಿ," ಎಂದೆ.

ಆನಂದತೀರ್ಥರು ಎಂಜಿನ್ನು ಆರಿಸಿ ನನ್ನತ್ತ ತಿರುಗಿದರು. "ಬೇರೆ ಯಾರು ಕೇಳಿದ್ರೂ ಕೊಡ್ತೀನಮ್ಮ. ನಿಮ್ಮ ಯಜಮಾನರಿಗೆ ಕೊಡಲ್ಲ."

"ಯಾಕ್ರಿ?"

"ಅಲ್ಲಾ, ಮೆಕ್ಯಾನಿಕಲ್ ಓದಿರೋರು, ಕಟ್ಟಬೇಕು ಅಂತ ಇಷ್ಟು ವರ್ಷದಿಂದ ಕನಸು ಕಾಣ್ತಿರೋರು. ಇನ್ನೊಬ್ಬ ಕಟ್ಟಿದ್ದನ್ನ ಓಡಿಸೋದು ಅಂದ್ರೆ ಇನ್ನೊಬ್ಬನ ಮದುವೇಲಿ ಗಂಡಿನ ಕುರ್ಚಿ ಮೇಲೆ ಕೂತಂಗೆ. ಅಪ್ಪಾಸಾಹೇಬ್ರೇ, ಕಿಟ್ಟು ಆರ್ಡರ್ ಮಾಡಿ. ನನ್ನ ಜಾಕು, ಟೂಲ್ಸು ಎಲ್ಲಾ ತಗೊಂಡು ಹೋಗಿ. ಶನಿವಾರ ನಾನೇ ಬಂದು ಕೂತ್ಕೋತೀನಿ. ಎರಡು ವರ್ಷ ಅನ್ನೋದು ಹೋಗಿದ್ದೇ ಗೊತ್ತಾಗಲ್ಲ."

"ನಾನೂ ಅದನ್ನ ಹೇಳಾಕತ್ತೇನ್ರಿ ಈಕಿಗೆ," ಎಂದರು ಇವರು. ಮುಖ ಅರಳಿತ್ತು. "ಆದರ ಎಂಜಿನ್ ಹೊಸಾದ ತಗೊಳ್ಳೂದೋ, ಹಳೇದ ಹುಡುಕೂದೋ?"

ಶುರುವಾಯಿತು ಇಬ್ಬರದೂ. ಹೊಸ ಎಂಜಿನ್ನು, ಹಳೆ ಎಂಜಿನ್ನು, ಬಣ್ಣ ಮನೆಯಲ್ಲೇ ಹೊಡೆಯುವುದೋ ಹೊರಗೆ ಕೊಡುವುದೋ. ನಾನೊಬ್ಬಳು ಅಲ್ಲಿ ನಿಂತಿದ್ದೇನೆ ಎಂಬುದೇ ಇಬ್ಬರಿಗೂ ಮರೆತುಹೋಯಿತು. ಕೊನೆಗೆ ಆನಂದತೀರ್ಥರು ಕೀಲಿಕೈ ತೆಗೆದು ಇವರ ಅಂಗೈಯಲ್ಲಿಟ್ಟರು.

"ಒಂದು ರೌಂಡ್ ಹೊಡ್ಕೊಂಡು ಬನ್ನಿ. ಎರಡು ವರ್ಷ ಆದ್ಮೇಲೆ ನಿಮ್ಮದನ್ನೇ ಓಡಿಸೋವಾಗ ನೆನಪಿರಲಿ."

ಆ ಎರಡು ವರ್ಷದ ಮಾತು ಮತ್ತೆ ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಒಬ್ಬರು ತಿಳಿಯದೆ ಹೇಳುತ್ತಾರೆ, ಇನ್ನೊಬ್ಬರು ತಿಳಿದೂ ತಲೆಯಾಡಿಸುತ್ತಾರೆ. ಕಾರು ಇಲ್ಲೇ ಇದೆ, ಕಣ್ಣು ಇವತ್ತಿಗಾದರೂ ಇದೆ. ನಿಜ ಹೇಳಿದರೆ ಈ ಒಳ್ಳೆಯ ಮನುಷ್ಯ ಮಾರದೆ ಇರುತ್ತಾರೆಯೇ ಅನ್ನಿಸಿತು.

"ಎರಡ ವರ್ಷ ಎಲ್ಲಿಂದ ತರೂದ್ರಿ?" ಎಂದೆ. "ಇವರ ಕಣ್ಣ ಹೋಗಾಕತ್ತಾವ. ಈಗಾಗಲೇ ಬಾಜೂಕ ಏನೂ ಕಾಣೂದಿಲ್ಲ. ವರ್ಷ ಮುಗಿಯೂದ್ರಾಗ ಓಡಸೂದ ಬಂದ್. ಅದಕ್ಕ ಕೇಳಾಕತ್ತೇನಿ, ಕೊಟ್ಟುಬಿಡ್ರಿ."

ಇವರು ನನ್ನ ಕಡೆ ತಿರುಗಲಿಲ್ಲ. ಕೀಲಿಕೈ ಹಿಡಿದ ಹಾಗೆಯೇ ನಿಂತಿದ್ದರು.

ಹೊರಗೆ ಬೀದಿಯಲ್ಲಿ ಪುಟ್ಟ ಮಕ್ಕಳು ಸೈಕಲ್ ತುಳಿಯುತ್ತಿದ್ದರು. ಆನಂದತೀರ್ಥರು ಆ ಕಡೆ ನೋಡಿದರು, ಆಮೇಲೆ ಇವರ ಹತ್ತಿರ ಬಂದರು. ದನಿ ಪೂರ್ತಿ ಬದಲಾಗಿತ್ತು, ಜ್ವರದ ಮಗುವಿನ ಜೊತೆ ಮಾತಾಡುವ ಹಾಗೆ.

"ಕೀ ಇಲ್ಲಿ ಕೊಡಿ ಅಪ್ಪಾಸಾಹೇಬ್ರೇ. ನಾನೇ ಒಂದು ರೌಂಡ್ ಕರ್ಕೊಂಡು ಹೋಗ್ತೀನಿ, ಪಕ್ಕದಲ್ಲಿ ಕೂತ್ಕೊಳ್ಳಿ."

ತಪ್ಪೇನೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆ ಸದ್ದು ಮಾಡುವ ಕಾರನ್ನು ಅರ್ಧ ಕಣ್ಣಿನವರ ಕೈಗೆ ಯಾರು ಕೊಡುತ್ತಾರೆ? ಮಾರುವ ಮಾತಂತೂ ಮುಗಿದೇಹೋಯಿತು. ಇವರು ಕೀಲಿಕೈ ಕೊಟ್ಟರು. ಆನಂದತೀರ್ಥರು ಇವರ ಮೊಣಕೈ ಹಿಡಿದು, "ಇಲ್ಲಿ ಮೆಟ್ಟಿಲಿದೆ, ನಿಧಾನ," ಎಂದರು. ಬರುವಾಗ ಆ ಮೆಟ್ಟಿಲನ್ನು ಇವರು ಒಬ್ಬರೇ ಹತ್ತಿ ಬಂದಿದ್ದರು.

"ಬ್ಯಾಡ್ರಿ. ಇನ್ನೊಮ್ಮೆ ಬರ್ತೀವಿ," ಎಂದರು ಇವರು, ಬಹಳ ಮರ್ಯಾದೆಯಿಂದ.

ವಾಪಸು ಬರುವಾಗ ಸ್ಯಾನ್ ಹೋಸೆ ದಾಟುವವರೆಗೂ, ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದರೆ ತಿರುಗಿ ಬೈಯಲು ನನ್ನ ಹತ್ತಿರ ಬೇಕಾದಷ್ಟಿತ್ತು.

"ನನಗ ಆ ಕಾರ್ ಬೇಕಾಗಿರಲಿಲ್ಲ, ವಿಜೂ," ಎಂದರು ಕೊನೆಗೆ. "ಓಡಸಾಕ ಆಗೂದಿಲ್ಲ ಅನ್ನೂದ ನನಗೂ ಗೊತ್ತೈತಿ. ಕಟ್ಟತೀಯೋ, ಕೊಳ್ಳತೀಯೋ ಅಂತ ಜನ ನನ್ನ ಕೇಳತಿದ್ದರಲ್ಲ, ಅಷ್ಟ ಸಾಕಿತ್ತು. ಅವರ ಮುಂದ ನಾ ಇನ್ನೂ ಕಣ್ಣಿದ್ದಾವ ಇದ್ದೆ."

ನನಗೆ ಅಳು ಬಂತು, ಆದರೆ ಓಡಿಸುವವಳು ನಾನೊಬ್ಬಳೇ ಆದ್ದರಿಂದ ಅಳಲೂ ಇಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಅವಲಕ್ಕಿ ತಿನ್ನಲು ಕೂತಿದ್ದಾಗ ಆನಂದತೀರ್ಥರ ಫೋನು ಬಂತು. ನನ್ನ ನಂಬರಿಗೆ.

"ವಿಜಯಶ್ರೀ ಅವರೇ, ನಮ್ಮ ಕೂಟದಲ್ಲಿ ಮಾತಾಡಿದ್ದೀನಿ. ಮೆನ್ಲೋ ಪಾರ್ಕ್ ಕಡೆ ಆಫೀಸಿಗೆ ಹೋಗೋರು ಇಬ್ಬರು ನಿಮ್ಮ ಏರಿಯಾದಲ್ಲೇ ಇದ್ದಾರೆ. ಯಜಮಾನರನ್ನ ಅವರೇ ಕರ್ಕೊಂಡು ಹೋಗಿ ಬಿಡ್ತಾರೆ. ಸಂಕೋಚ ಬೇಡ. ಎಲ್ಲರಿಗೂ ತುಂಬಾ ಬೇಜಾರಾಯ್ತು. ರಾತ್ರಿ ನಿದ್ದೆ ಮಾಡ್ತಾರಾ? ಊಟ ಸರಿಯಾಗಿ ಮಾಡ್ತಾರಾ?"

ಎಲ್ಲ ಕೇಳಿದರು. ಕಿಟ್ಟಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಅವರ ಜೋಡಿನ ಮಾತಾಡ್ರಿ," ಎಂದು ಆನಂದತೀರ್ಥರಿಗೆ ಹೇಳಿ, ಪಕ್ಕದಲ್ಲಿ ಕೂತಿದ್ದ ಇವರತ್ತ ಫೋನು ಚಾಚಿದೆ. ಇವರು ತಲೆ ತಗ್ಗಿಸಿಕೊಂಡು ಅವಲಕ್ಕಿ ತಿನ್ನುತ್ತಲೇ ಇದ್ದರು. ನನ್ನ ಕೈ ಇವರಿಗೆ ಕಾಣಲಿಲ್ಲವೋ, ಕಂಡೂ ಬೇಡವಾಯಿತೋ, ನನಗೆ ತಿಳಿಯಲಿಲ್ಲ.