ಹದಿನೇಳನೆಯ ಪುಟ

ನಟರಾಜು ನನ್ನ ಶಿಷ್ಯ. ಅವನು ಹೇಳಿಕೊಳ್ಳಲಿ ಬಿಡಲಿ, ನಾನಂತೂ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ.

ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ರೆಕಾರ್ಡಿಂಗ್ ಅಂಗಡಿ. ಆಟೋ ಮೈಕಿನಲ್ಲಿ ಸೀರೆ ಸೇಲು, ಮರಣದ ಸುದ್ದಿ, ಎಲ್ಲ ಕೂಗುವುದು ನನ್ನ ಧ್ವನಿಯೇ. ಧ್ವನಿ ಕತ್ತರಿಸಿ ಜೋಡಿಸುವ ಬಿಟ್ಟಿ ಸಾಫ್ಟ್‌ವೇರೊಂದಿದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಹನ್ನೆರಡು ವರ್ಷ ಹೆಣಗಾಡಿ ಅದನ್ನು ಕಲಿತವನು ನಾನು. ನನ್ನ ಪಕ್ಕ ಎರಡೇ ವರ್ಷ ಕೂತ ನಟರಾಜು ಕೆ.ಆರ್. ನಗರಕ್ಕೆ ಹೋಗಿ ಅದಕ್ಕೆ ಕನ್ನಡದಲ್ಲಿ ಕೈಪಿಡಿ ಬರೆದ. ನನಗೇಕೆ ಹೊಳೆಯಲಿಲ್ಲವೋ, ಅದೇ ಉರಿ.

ವೆಬ್‌ಸೈಟಿಗೆ ಹಾಕುವ ಮುಂಚೆ ನನಗೆ ಕಳಿಸಿ ಫೋನ್ ಮಾಡಿದ. "ತಪ್ಪಿದ್ರೆ ನೀವೇ ಹೇಳ್ಬೇಕು. ನೀವು ನೋಡ್ದೆ ಇದ್ರೆ ನಂಗೆ ಧೈರ್ಯ ಬರಾಕಿಲ್ಲ ಕಣಣ್ಣ" ಅಂದ.

ತಪ್ಪು ಹುಡುಕಲೆಂದೇ ಓದಿದೆ. ಹದಿನಾರು ಪುಟ ಏನೂ ಸಿಗದೆ ಮೈ ಪರಚಿಕೊಳ್ಳುವಂತಾಯಿತು. ಹದಿನೇಳರಲ್ಲಿ ಸಿಕ್ಕಿತು. ನಮ್ಮ ಕಡೆಯ ಹಳೇ ಲ್ಯಾಪ್‌ಟಾಪುಗಳಲ್ಲಿ ಓಡುವ ಆವೃತ್ತಿಯಲ್ಲಿ ನಾವು ಉಳಿಸುವ ಫೈಲು ಬರೀ ವಿಳಾಸವಿದ್ದಂತೆ, ಧ್ವನಿ ಇರುವುದು ಪಕ್ಕದ ಫೋಲ್ಡರಿನಲ್ಲಿ. ಬೇರೆ ಕಡೆಗೆ ಒಯ್ಯುವಾಗ ಎರಡನ್ನೂ ಒಯ್ಯಬೇಕು. ಅವನು ಫೈಲು ಸಾಕು ಎಂದು ಬರೆದಿದ್ದ.

ನಾನು ಮುಂದೆ ಓದಲಿಲ್ಲ. 'ಎಲ್ಲ ಸರಿಯಾಗಿದೆ' ಎಂದು ಮೆಸೇಜು ಹಾಕಿದೆ. ಯಾರಾದರೂ ಎಡವಲಿ, ಅವನ ಮುಖಕ್ಕೆ ಉಗಿಯಲಿ, ಆಗ ನನ್ನ ಬೆಲೆ ತಿಳಿಯುತ್ತದೆ ಅಂದುಕೊಂಡೆ. ಕೈಪಿಡಿ ಪ್ರಕಟವಾಯಿತು. ಪಿರಿಯಾಪಟ್ಟಣದ ಮೇಷ್ಟ್ರು, ಕೋಟೆಯ ಭಜನೆಯವರು ನನ್ನ ಅಂಗಡಿಗೇ ಬಂದು ಅವನನ್ನು ಹೊಗಳಿದರು. ನಾನು ಅದನ್ನು ತೆರೆದೂ ನೋಡಲಿಲ್ಲ.

ಮೊನ್ನೆ ಗಾವಡಗೆರೆಯಿಂದ ಶೃತಿ ಎಂಬ ಹೆಣ್ಣುಮಗಳು ಪೆನ್‌ಡ್ರೈವ್ ಹಿಡಿದು ಬಂದಳು. ಅವಳ ಅಜ್ಜಿ ಸಾಕಮ್ಮ ಹೊಗೆಸೊಪ್ಪು ಕಡ್ಡಿಗೆ ಕಟ್ಟುವಾಗ ಹಾಡುತ್ತಿದ್ದ ನಲವತ್ತು ಪದಗಳನ್ನು, ಗೆಳತಿಯ ಲ್ಯಾಪ್‌ಟಾಪ್ ಇಸಕೊಂಡು, ಕೈಪಿಡಿ ನೋಡಿಕೊಂಡು ರೆಕಾರ್ಡ್ ಮಾಡಿದ್ದಳಂತೆ. ಯುಗಾದಿಯಾದ ಮೇಲೆ ಅಜ್ಜಿಗೆ ಲಕ್ವ ಹೊಡೆದು ಮಾತು ನಿಂತುಹೋಗಿದೆ. ಈಗ ಫೈಲಿನಲ್ಲಿ ಸದ್ದೇ ಬರುತ್ತಿಲ್ಲ.

ತೆರೆದೆ. ಫೈಲು ಒಂದೇ ಇತ್ತು, ಫೋಲ್ಡರು ಇರಲಿಲ್ಲ. ನಾಚಿಕೆಗೇಡು, ನನಗೆ ಮೊದಲು ಆದದ್ದು ಖುಷಿ. ನಟರಾಜು ಬರೆದದ್ದರಲ್ಲೇ ತಪ್ಪಿದೆ ಎಂದು ಬಾಯಿ ತುಂಬ ಹೇಳಿದೆ. ಲ್ಯಾಪ್‌ಟಾಪು ತನ್ನಿ, ಫೋಲ್ಡರು ಅಲ್ಲೇ ಇರುತ್ತದೆ ಎಂದೆ. ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ಗೆಳತಿಗೆ ವಾಪಸ್ ಕೊಟ್ಟಾಯಿತು, ಅವಳು ಅದಕ್ಕೆ ಹೊಸದಾಗಿ ಎಲ್ಲ ಹಾಕಿಸಿಕೊಂಡಿದ್ದಾಳೆ ಎಂದಳು.

ಆಮೇಲೆ ಫೋನು ತೆಗೆದು ಕೈಪಿಡಿಯ ಕೊನೆಯ ಪುಟವನ್ನು ನನ್ನ ಮುಂದೆ ಹಿಡಿದಳು. 'ನನಗೆ ಕಲಿಸಿದವರು, ಇದರ ಪ್ರತಿ ಸಾಲನ್ನೂ ಓದಿ ಸರಿ ಎಂದವರು: ಕಂಠಪ್ಪ, ಹುಣಸೂರು.'

"ನಿಮ್ಮ ಎಸ್ರು ನೋಡೇ ಧೈರ್ಯವಾಗಿ ಅಳಿಸ್ದೆ ಕಣಣ್ಣ" ಅಂದಳು. "ನಮ್ಮ ಊರಲ್ಲಿ ಆಟೋ ಮೈಕಲ್ಲಿ ದಿನಾ ಕೇಳೋ ಧ್ವನಿ ನಿಮ್ದು."

ಪೆನ್‌ಡ್ರೈವಿಗೆ ಅವಳು ಕೈ ಚಾಚಿದಳು. ಕೊಡಲು ನನ್ನ ಕೈ ಏಳಲಿಲ್ಲ.