ಅವರು ಇಟ್ಟುಕೊಂಡ ಅರ್ಧ

"ನಿನ್ನ ಉಚ್ಚೆಗೂ ಕಂಪನಿ ಸಂಬಳ ಕೊಡ್ಬೇಕೇನೇ, ಮುದುಕಿ?"

ಸೂಪರ್‌ವೈಸರ್ ಇದನ್ನು ಮೆಲ್ಲಗೆ ಕೇಳಲಿಲ್ಲ. ಗೋದಾಮಿನ ಈ ತುದಿಯಿಂದ ಆ ತುದಿಯವರೆಗೆ ನಿಂತು ಪಾರ್ಸಲ್ ಕಟ್ಟುತ್ತಿದ್ದ ಅಷ್ಟೂ ಹೆಂಗಸರಿಗೆ ಕೇಳಿಸುವ ಹಾಗೆ ಕೇಳಿದ. ನನ್ನ ಅತ್ತೆ ಪಾಯಿಖಾನೆಯ ಕಡೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದರು. ಅವರ ಮಣಿಕಟ್ಟಿನ ಯಂತ್ರ ಕೆಂಪಗೆ ಮಿಣುಕುತ್ತಿತ್ತು.

"ಸಕ್ಕರೆ ಕಾಯಿಲೆ ಕಣಪ್ಪಾ. ತಡ್ಕೊಳಕ್ಕಾಗಲ್ಲ."

"ತಡ್ಕೊಳಕ್ಕಾಗ್ದೋರು ಮನೇಲಿ ಬಿದ್ದಿರಿ. ಈ ತಿಂಗಳೂ ನಿನ್ನ ಸೋಮಾರಿ ಲೆಕ್ಕ ಮಿತಿ ದಾಟ್ತೋ, ಬಳೆ ಬಿಚ್ಚಿಟ್ಟು ಹೊರಡ್ತಾ ಇರು. ನಿನ್ನ ಜಾಗಕ್ಕೆ ಗೇಟ್ ಹತ್ರ ಹತ್ತು ಜನ ಬಾಯಿ ಬಿಟ್ಕೊಂಡು ನಿಂತವ್ರೆ."

ಬಳೆ ಅಂದರೆ ಆ ಯಂತ್ರವೇ. ಗೋದಾಮಿಗೆ ಕಾಲಿಟ್ಟ ಕೂಡಲೇ ಎಲ್ಲರ ಮಣಿಕಟ್ಟಿಗೂ ಒಂದೊಂದು ತೊಡಿಸುತ್ತಾರೆ. ಕೈ ಆಡುತ್ತಿದ್ದರೆ ಹಸಿರು, ನಿಂತರೆ ಕೆಂಪು. ಕೆಂಪಗಿದ್ದ ಹೊತ್ತೆಲ್ಲ ಸೋಮಾರಿ ಲೆಕ್ಕಕ್ಕೆ. ತೂಕಡಿಸಿದವಳೂ ಒಂದೇ, ಪಾಯಿಖಾನೆಗೆ ಹೋದವಳೂ ಒಂದೇ. ನಮ್ಮ ಮನೆ ನಡೆಯುವುದು ಎರಡು ಬಳೆಯಿಂದ, ಅತ್ತೆಯದು ಮತ್ತು ನನ್ನದು. ನನ್ನ ಗಂಡ ಎನ್ನುವ ಪ್ರಾಣಿ ಈಗ ಎಲ್ಲಿ ಮೇಯುತ್ತಿದೆಯೋ ಹೆತ್ತವರಿಗೂ ಗೊತ್ತಿಲ್ಲ. ಅತ್ತೆಯ ಬಳೆ ಹೋದರೆ ನಾವಿರುವ ಒಂಟಿ ಕೋಣೆಯೂ ಹೋಗುತ್ತದೆ, ಅವರ ಮಾತ್ರೆಯೂ ಹೋಗುತ್ತದೆ.

ಬಳೆಯನ್ನು ಚಾರ್ಜಿಗೆ ಹಾಕಿದಾಗ ಅದರ ಮುಖದ ಮೇಲೆ ಸಣ್ಣ ಅಕ್ಷರದ ಸಾಲೊಂದು ಓಡುತ್ತದೆ: 'ಇದು ಓಪನ್ ಸೋರ್ಸ್ ತಂತ್ರಾಂಶ. ಎಲ್ಲರಿಗೂ ಸೇರಿದ್ದು. ಯಾರು ಬೇಕಾದರೂ ತಿದ್ದಬಹುದು.' ಮದುವೆಗೆ ಮುಂಚೆ ನಾನು ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿ ನಡುವೆ ಬಿಟ್ಟವಳು. ಆ ಸಾಲು ನನ್ನ ತಲೆಯೊಳಗೆ ಹುಳ ಬಿಟ್ಟಿತು.

"ಅತ್ತೆ, ಈ ಬಳೆಯ ಕೋಡ್ ನಾನೇ ತಿದ್ದಿ ಕಳಿಸ್ತೀನಿ. ಪಾಯಿಖಾನೆಗೆ ಹೋದ ಹೊತ್ತು ಲೆಕ್ಕಕ್ಕೆ ಬರದ ಹಾಗೆ."

ಅತ್ತೆ ಊದಿದ ಕಾಲು ನೀವಿಕೊಳ್ಳುತ್ತ ನನ್ನನ್ನು ನೋಡಿದರು. "ಯಾರದೋ ಯಂತ್ರಾನ ನೀನು ತಿದ್ದೋದಾ?"

"ಎಲ್ಲರದೂ ಅಂತ ಅವರೇ ಬರ್ದವ್ರೆ."

"ರಸ್ತೆನೂ ಎಲ್ಲರದೇ ಅಂತಾರೆ. ಮಧ್ಯೆ ಕಾಲು ಚಾಚ್ಕೊಂಡು ಕೂತ್ಕೊಂಡು ನೋಡು, ಯಾರದು ಅಂತ ಗೊತ್ತಾಗುತ್ತೆ."

ಆದರೂ ಬೇಡ ಅನ್ನಲಿಲ್ಲ. ರಜೆಯ ದಿನಗಳಲ್ಲಿ ನಾನು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತೆ. ಗೋದಾಮಿನ ಬಾಗಿಲುಗಳ ಮೇಲೆಲ್ಲ ಬಳೆಯನ್ನು ಗುರುತಿಸುವ ಕಣ್ಣುಗಳಿವೆ. ನನ್ನ ಕೋಡಿನಲ್ಲಿ ಎರಡು ಅರ್ಧ. ಬಳೆ ಪಾಯಿಖಾನೆಯ ಬಾಗಿಲು ದಾಟಿತು ಎಂದು ಗುರುತಿಸುವುದು ಮೊದಲ ಅರ್ಧ. ಆ ಹೊತ್ತನ್ನು ಸೋಮಾರಿ ಲೆಕ್ಕದಿಂದ ತೆಗೆಯುವುದು ಎರಡನೆಯದು. ಮರೆತಿದ್ದನ್ನೆಲ್ಲ ಮತ್ತೆ ಕಲಿತು, ಹತ್ತು ಕಡೆ ಎಡವಿ, ಕೊನೆಗೆ ಆ ತಂತ್ರಾಂಶದವರ ವೆಬ್‌ಸೈಟಿಗೆ ಕಳಿಸಿದೆ. ಯಾಕೆ ಬೇಕು ಎಂದು ಕಾರಣ ಬರೆಯಲು ಜಾಗ ಕೊಟ್ಟಿದ್ದರು. ಅತ್ತೆಯ ಕಾಯಿಲೆ, ಬಯ್ಗುಳ, ಬಸುರಿಯರ ಪಾಡು, ಎಲ್ಲ ಬರೆದೆ. ಕಷ್ಟ ಹೇಳಿಕೊಂಡರೆ ಕರಗುತ್ತಾರೆ ಎಂದುಕೊಂಡಿದ್ದೆ, ಪೆದ್ದಿ.

ಕಳಿಸಿದ ಕೋಡನ್ನು ಒಳಗೆ ಬಿಡುವವನು ಒಬ್ಬನಿದ್ದ. ಹೆಸರಿಲ್ಲ, ಹೆಸರಿನ ಜಾಗದಲ್ಲಿ ಗೂಬೆಯ ಚಿತ್ರ. ಅತ್ತೆಗೂ ನನಗೂ ಅವನು ಗೂಬೆಯೇ ಆದ.

ಗೂಬೆ ಬರೆದ: 'ಇದು ಕೋಡ್ ಇಡುವ ಜಾಗ, ನಿಮ್ಮ ಮನೆಯ ಗೋಳು ಇಡುವ ಜಾಗವಲ್ಲ. ಸಾಲುಗಳ ಮುಂದೆ ಜಾಗ ಬಿಡುವುದೂ ಗೊತ್ತಿಲ್ಲ. ನಿಯಮ ಓದಿ ಬಾ.'

ಅದರ ಕೆಳಗೆ ಗುರುತು ಪರಿಚಯವಿಲ್ಲದವರು ನಗುವ ಮುಖಗಳನ್ನು ಅಂಟಿಸಿ ಹೋಗಿದ್ದರು. 'ಪಾಯಿಖಾನೆ ತಜ್ಞೆ ಬಂದರು, ದಾರಿ ಬಿಡಿ' ಎಂದಿದ್ದ ಒಬ್ಬ. ಜೆರಾಕ್ಸ್ ಅಂಗಡಿಯವನು ಹಿಂದಿನಿಂದ ಇಣುಕುತ್ತಿದ್ದ. ಮೈಯೆಲ್ಲ ಉರಿಯಿತು. ಆದರೂ ಬೆರಳು ಮಾತ್ರ 'ತಪ್ಪಾಯಿತು ಸಾರ್, ಸರಿಪಡಿಸುತ್ತೇನೆ' ಎಂದೇ ಒತ್ತಿತು.

ಸರಿಪಡಿಸಿದೆ. ಕೋಡಿನೊಳಗೆ ಕೊಟ್ಟ ಹೆಸರುಗಳು ಸರಿಯಿಲ್ಲ ಎಂದ. ಬದಲಿಸಿದೆ. ಕೋಡನ್ನು ಪರೀಕ್ಷಿಸುವ ಕೋಡ್ ಎಲ್ಲಿ ಎಂದ. ಬರೆದೆ. ಮೊದಲಿನ ಹೆಸರುಗಳೇ ಚೆನ್ನಾಗಿದ್ದವು ಎಂದ. ಮತ್ತೆ ಬದಲಿಸಿದೆ. ಹೊಸಿಲಿನ ಆಚೆ ನಿಲ್ಲಿಸಿ ಮಾತಾಡಿಸುವವರನ್ನು ಕಂಡಿದ್ದೆ, ಹೊಸಿಲೇ ಕಾಣದ ಕಡೆಯೂ ಹಾಗೆ ನಿಲ್ಲಿಸಬಹುದು ಎಂದು ಗೊತ್ತಿರಲಿಲ್ಲ.

ಕೊನೆಗೊಂದು ದಿನ 'ಸೇರಿಸಲಾಗಿದೆ' ಎಂದು ಬಂತು. ಕೆಳಗೆ ನನ್ನ ಹೆಸರು. ಮನೆಗೆ ಓಡಿದೆ. ಅತ್ತೆ ಸುದ್ದಿ ಕೇಳಿ ಅವತ್ತು ನನ್ನ ತಟ್ಟೆಗೆ ಮೊದಲು ಬಡಿಸಿದರು. ಆಮೇಲೆ ಒಂದು ಚೊಂಬು ನೀರನ್ನು ಗಟಗಟನೆ ಕುಡಿದು, "ಹೆದ್ರಿಕೆ ಇಲ್ದೆ ನೀರು ಕುಡ್ದು ಎಷ್ಟು ಕಾಲ ಆಗಿತ್ತೇ ಹುಡುಗಿ" ಅಂದರು. ನನಗೆ ಅಳು ಬಂತು, ತಟ್ಟೆ ತೊಳೆಯುವ ನೆಪದಲ್ಲಿ ಎದ್ದೆ.

ಹೊಸ ತಂತ್ರಾಂಶ ಬಳೆಗಳಿಗೆ ಬಂದ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಗಾಜಿನ ಕೋಣೆಯಿಂದ ಮ್ಯಾನೇಜರ್ ಇಳಿದು ಬಂದ. ಅವನು ಕೆಳಗಿಳಿಯುವುದೇ ಅಪರೂಪ.

"ನಮ್ಮ ಗೋದಾಮಿಗೇ ಹೆಮ್ಮೆ. ಇವತ್ತಿನಿಂದ ಯಾರು ಎಷ್ಟು ಸಲ ಟಾಯ್ಲೆಟ್‌ಗೆ ಹೋದ್ರು, ಒಳಗೆ ಎಷ್ಟು ಹೊತ್ತು ಕೂತಿದ್ರು, ಎಲ್ಲ ಬೇರೆಯಾಗೇ ಕಾಣುತ್ತೆ. ಬರ್ದಿರೋದು ಯಾರೋ ದೊಡ್ಡ ಎಂಜಿನಿಯರ್ ಅಲ್ಲ, ನಿಮ್ಮಲ್ಲೇ ಒಬ್ಬಳು. ಬಾಮ್ಮಾ ಇಲ್ಲಿ. ಎಲ್ರೂ ಚಪ್ಪಾಳೆ ತಟ್ಟಿ."

ತಟ್ಟಿದರು. ತಟ್ಟುತ್ತಲೇ ನನ್ನ ಮುಖ ನೋಡಿದರು. ಪಕ್ಕದ ಮೇಜಿನ ಬಸುರಿ ತಟ್ಟಲಿಲ್ಲ, ನೆಲಕ್ಕೆ ಉಗಿದಳು.

ಆ ಸಂಜೆ ಕಂಪ್ಯೂಟರಿನಲ್ಲಿ ನೋಡಿದೆ. ಗುರುತಿಸುವ ಅರ್ಧವನ್ನು ಇಟ್ಟುಕೊಂಡಿದ್ದರು. ಲೆಕ್ಕದಿಂದ ತೆಗೆಯುವ ಅರ್ಧ ಇರಲಿಲ್ಲ. ಎಲ್ಲಿ ಹೋಯಿತು ಸಾರ್ ಎಂದು ಕೇಳಿದೆ.

ಗೂಬೆ ಬರೆದ: 'ಇದನ್ನು ಬಳಸುವ ಕಂಪನಿಗಳಿಗೆ ಅದು ಬೇಡವಂತೆ. ನಿನ್ನ ಹೆಸರು ಹಾಕಿದ್ದೇವಲ್ಲ, ಸಂತೋಷಪಡು. ಒಪ್ಪಿಗೆಯಾಗದಿದ್ದರೆ ಇಡೀ ಕೋಡನ್ನು ನಕಲು ಮಾಡಿಕೊಂಡು ನಿನ್ನಿಷ್ಟದಂತೆ ಬೇರೆ ನಡೆಸು. ಯಾರೂ ತಡೆಯುವುದಿಲ್ಲ. ಅದೇ ಸ್ವಾತಂತ್ರ್ಯ.'

ನಡೆಸಬಹುದು, ನಿಜ. ಯಾರ ಕೈಗೆ ತೊಡಿಸಿ ನಡೆಸಲಿ, ಬೋಳಿಮಗನೆ? ಇದನ್ನು ಒತ್ತಿದೆ, ಕಳಿಸಿಯೂಬಿಟ್ಟೆ. ಅಸಭ್ಯ ಭಾಷೆ ಎಂದು ನನ್ನನ್ನು ಆ ವೆಬ್‌ಸೈಟಿನಿಂದ ಹೊರಗೆ ಹಾಕಿದರು. ಹೆಸರನ್ನು ಮಾತ್ರ ಅಲ್ಲೇ ಉಳಿಸಿಕೊಂಡರು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಬಯ್ಯಲಿ ಎಂದು ಕಾದೆ. ಚೊಂಬನ್ನು ಮೂಲೆಗೆ ಬೋರಲು ಹಾಕಿ ಮಲಗಿದರು.

ಆ ವಾರವೆಲ್ಲ ಅವರು ಹನಿ ನೀರು ಮುಟ್ಟದೆ ಕೆಲಸಕ್ಕೆ ಬಂದರು. ತುಟಿ ಒಡೆಯಿತು, ಕಣ್ಣು ಗುಳಿ ಬಿತ್ತು. ಆದರೂ ಕಾಯಿಲೆ ಕೇಳಬೇಕಲ್ಲ. ಸೂಪರ್‌ವೈಸರ್ ಒಂದು ಬೆಳಿಗ್ಗೆ ಕೈಯಲ್ಲಿ ಟ್ಯಾಬ್ ಹಿಡಿದು ಸಾಲಿನ ಮುಂದೆ ನಿಂತು ಓದಿದ.

"ಮೊದಲನೇ ನಂಬರ್ ನಮ್ಮ ಮಹಾರಾಣಿ. ನಿನ್ನೆ ಏಳು ಸಲ. ಅಲ್ಲೇ ಸಂಸಾರ ಹೂಡಿದ್ದೀಯೇನೇ? ಸೊಸೆ ಬರ್ದಿದ್ದು, ಅತ್ತೆ ಸಿಕ್ಕಾಕ್ಕೊಂಡಿದ್ದು." ನಾಲ್ಕು ಜನ ನಕ್ಕರು, ಹೆದರಿಕೆಗೆ. "ಇವತ್ತು ಆ ಬಾಗಿಲು ದಾಟಿದ್ಯೋ, ಹಾಗೇ ಗೇಟೂ ದಾಟಿಬಿಡು."

ಅತ್ತೆ ತಮ್ಮ ಮೇಜಿಗೆ ಹೋದರು. ಡಬ್ಬ ಮಡಚಿ, ಸಾಮಾನು ತುಂಬಿ, ಟೇಪು ಎಳೆದು, ತಳ್ಳಿ, ಮತ್ತೆ ಡಬ್ಬ. ಮಧ್ಯಾಹ್ನದ ಹೊತ್ತಿಗೆ ಅವರು ಕಾಲಿಗೆ ಕಾಲು ಒತ್ತಿ ತಡೆದುಕೊಂಡಿರುವುದು ನನ್ನ ಮೇಜಿಗೂ ಕಾಣುತ್ತಿತ್ತು.

"ಹೋಗ್ಬನ್ನಿ ಅತ್ತೆ. ಕೆಲಸ ಹೋದ್ರೆ ಹೋಗ್ಲಿ."

"ಹೋಗಲ್ಲ. ನಾನ್ಯಾಕೆ ಹೋಗ್ಲಿ?" ಎಂದು ಸೂಪರ್‌ವೈಸರನನ್ನು ಕೂಗಿದರು. "ಏಯ್, ಬಾರೋ ಇಲ್ಲಿ."

ಅವರು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಏನೋ ಬಿದ್ದುಹೋಯಿತು ಎಂಬಂತೆ ಅವನು ಬಿರುಸಾಗಿ ಬಂದ. ಅತ್ತೆ ಡಬ್ಬಕ್ಕೆ ಟೇಪು ಎಳೆಯುತ್ತಲೇ ಕಾಲು ಅಗಲಿಸಿ ನಿಂತರು. ಬಟ್ಟೆ ನೆನೆಯಿತು. ಸಿಮೆಂಟಿನ ನೆಲದ ಮೇಲೆ ನೀರು ಹರಡಿ ಅವನ ಬೂಟಿನತ್ತ ಬಂತು.

"ಬಾಗಿಲ ಹತ್ರಕ್ಕೂ ಹೋಗಿಲ್ಲ. ಕೈನೂ ನಿಂತಿಲ್ಲ. ಈಗ ಓದು, ಏನ್ ತೋರಿಸ್ತದೆ ನಿನ್ನ ಯಂತ್ರ?"

ಅವನು ನಿಜವಾಗಿಯೂ ಟ್ಯಾಬ್ ನೋಡಿದ. ಅತ್ತೆಯ ಹೆಸರಿನ ಮುಂದೆ ಹಸಿರಿತ್ತು.

"ಥೂ, ಹೊಲಸು ಮುಂಡೇದೆ," ಎಂದು ನನ್ನ ಕಡೆ ತಿರುಗಿದ. "ಬಾರೇ, ನಿಮ್ಮತ್ತೆ ತಾನೆ, ಒರೆಸು."

ನಾನು ಕೈಯಲ್ಲಿದ್ದ ಡಬ್ಬ ಮುಚ್ಚಿದೆ, ಇನ್ನೊಂದನ್ನು ಎಳೆದುಕೊಂಡೆ. ಅವನು ಮತ್ತೊಮ್ಮೆ ಕೂಗಿದ. ಯಾರ ಕೈಯೂ ನಿಲ್ಲಲಿಲ್ಲ. ಟೇಪು ಕೀಳುವ ಸದ್ದೇ ಗೋದಾಮಿನ ತುಂಬ. ಪಕ್ಕದ ಮೇಜಿನ ಬಸುರಿ ಅತ್ತೆಯ ಕಾಲ ಬುಡ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ಡಬ್ಬ ಮಡಚುತ್ತಲೇ, ನಿಧಾನವಾಗಿ, ಅವಳೂ ಕಾಲು ಅಗಲಿಸಿದಳು.