ಎರಡನೇ ದಿಬ್ಬ

ಮತ್ತೆ ಗುಂಡಿ ಒತ್ತಿದಾಗಲೂ ಉತ್ತರ ಎಪ್ಪತ್ತೆರಡೇ ಬಂತು. ಕೃತಕ ಕಾಲಿಗೆ ಪಾದ ಅಂಟಿಸಿ ಎಷ್ಟು ಡಿಗ್ರಿ ಶಾಖದಲ್ಲಿಟ್ಟರೆ ಅಂಟು ಅತಿ ಗಟ್ಟಿಯಾಗಿ ಹಿಡಿಯುತ್ತದೆ ಎಂಬುದು ಇವಳು ಹುಡುಕುತ್ತಿದ್ದ ಲೆಕ್ಕ. ಪರೀಕ್ಷೆಯಲ್ಲಿ ಅಳೆದದ್ದನ್ನೆಲ್ಲ ನಕ್ಷೆಯ ಮೇಲೆ ಚುಕ್ಕೆಗಳಾಗಿಸಿ, ಅವಕ್ಕೆ ಹೊಂದುವ ಗೆರೆಯನ್ನು ಕಂಪ್ಯೂಟರೇ ಎಳೆಯುತ್ತಿತ್ತು. ಗೆರೆಯ ನೆತ್ತಿಯನ್ನೂ ಅದೇ ಹುಡುಕಿ ಕೊಡುತ್ತಿತ್ತು. ಎಷ್ಟು ಡಿಗ್ರಿಯಿಂದ ಗೆರೆ ಹತ್ತಲು ಶುರುಮಾಡಬೇಕೆಂದು ಮಾತ್ರ ಮನುಷ್ಯರು ಹೇಳಬೇಕು. ಅಕ್ಕ ಹೇಳಿಕೊಟ್ಟಂತೆ ಇವಳು ಪ್ರತಿಸಲವೂ ಎಪ್ಪತ್ತು ಎಂದೇ ತುಂಬುತ್ತಿದ್ದಳು.

ಅಕ್ಕ ಒಡಹುಟ್ಟಿದವಳಲ್ಲ, ಪ್ರಯೋಗಾಲಯದ ಹಿರಿಯಳು. ಇವಳ ಗಂಡ ತೀರಿಹೋದ ವರ್ಷ ಇವಳ ಪಾಲಿನ ಕೆಲಸವನ್ನೂ ತಾನೇ ಮಾಡಿ, "ನೀನು ಸುಮ್ನೆ ಬಂದು ಕೂತ್ಕೋ, ಸಾಕು" ಎಂದವಳು. ಎಪ್ಪತ್ತೆರಡು ಅಕ್ಕ ಕಂಡುಹಿಡಿದ ಸಂಖ್ಯೆ. ಈ ವಾರ ಅವಳ ನಿವೃತ್ತಿ. ಹೊಸ ಕಾರ್ಖಾನೆಯ ಓವನ್‌ಗಳಿಗೂ ಅದನ್ನೇ ಕೂರಿಸುವವರಿದ್ದರು.

ಕಪಾಟಿನಲ್ಲಿ ಪಾದ ಕಳಚಿ ವಾಪಸು ಬಂದ ಕಾಲೊಂದಿತ್ತು. ತೊಟ್ಟಿದ್ದ ಹೆಂಗಸು ಮೆಟ್ಟಿಲ ಮೇಲೆ ಮುಗ್ಗರಿಸಿ ಬಿದ್ದಿದ್ದಳಂತೆ. ಅದರ ಕಡೆಗೊಮ್ಮೆ ನೋಡಿ, ಇವಳು ಎಪ್ಪತ್ತನ್ನು ಅಳಿಸಿ ನೂರು ಎಂದು ತುಂಬಿದಳು. ಈ ಸಲ ಉತ್ತರ ತೊಂಬತ್ತಾರು. ಗೆರೆಗೆ ಇನ್ನೊಂದು ದಿಬ್ಬವಿತ್ತು, ಮೊದಲಿನದಕ್ಕಿಂತ ಎತ್ತರದ್ದು. ಕಂಪ್ಯೂಟರು ಪಾಪ, ಬಿಟ್ಟಲ್ಲಿಂದ ಹತ್ತಿರದ ದಿಬ್ಬ ಹತ್ತಿ, ಇದೇ ಬೆಟ್ಟ ಎಂದು ಕೂತುಬಿಡುತ್ತಿತ್ತು.

"ಅಕ್ಕಾ, ಸ್ವಲ್ಪ ಇಲ್ನೋಡಿ."

ಅಕ್ಕ ಕನ್ನಡಕ ಏರಿಸಿ ಬಗ್ಗಿದಳು. "ಆ ದಿಬ್ಬದ ಮೇಲೆ ಒಂದಾದ್ರೂ ಚುಕ್ಕೆ ಇದ್ಯೇನೇ?"

"ಇಲ್ಲ. ಎಂಬತ್ತೈದರಿಂದ ನೂರೈದರ ತನಕ ಯಾರೂ ಅಳೆದೇ ಇಲ್ಲ."

"ಮತ್ತಿನ್ನೇನು! ಹೇಳೋರು ಕೇಳೋರು ಇಲ್ದಿದ್ರೆ ಗೆರೆನೂ ಉಬ್ಬಿ ಮೆರೆಯುತ್ತೆ. ಹೋಗೋ ಹೊತ್ತಲ್ಲಿ ನನ್ನ ದಿಬ್ಬಕ್ಕೆ ಗುದ್ದಲಿ ಹಾಕ್ತೀಯಾ, ಮಹರಾಯ್ತಿ?"

ಇಬ್ಬರೂ ನಕ್ಕರು.

"ಆಗ ಯಾಕೆ ಅಳೀಲಿಲ್ಲ ಅಕ್ಕಾ?"

ಅಕ್ಕನ ನಗು ನಿಂತಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಎಪ್ಪತ್ತೆರಡರಲ್ಲಿ ಚೆನ್ನಾಗೇ ಹಿಡೀತು ಕಣೇ. ಅಷ್ಟು ಸಾಕು ಅನ್ನಿಸ್ತು."

"ಸರಿ ಅಕ್ಕಾ."

ಸರಿ ಎಂದದ್ದು ರೂಢಿಯ ಬಾಯಿ. ಅಕ್ಕ ಹೇಳಿದ್ದು ನಿಜವೂ ಇರಬಹುದು. ಚುಕ್ಕೆಯಿಲ್ಲದ ಜಾಗದಲ್ಲಿ ಗೆರೆ ಸುಳ್ಳು ಹೇಳುತ್ತದೆ. ಹಾಗಾದರೆ ಹೋಗುವವಳ ಮನಸ್ಸು ಸುಮ್ಮನೆ ನೋಯಿಸಿದಂತಾಯಿತು. ಸುಳ್ಳಲ್ಲದಿದ್ದರೆ? ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡ ಕೊರಳು ತಗ್ಗುವುದನ್ನು ನೋಡಬೇಕಾಗುತ್ತದೆ. ಎರಡರಲ್ಲಿ ಯಾವುದು ಎನ್ನುವುದು ಪರದೆಯ ಮೇಲೆ ಎಷ್ಟು ದಿಟ್ಟಿಸಿದರೂ ಕಾಣುವಂಥದ್ದಲ್ಲ.

ಸಂಜೆ ಅಕ್ಕ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ, ಇವಳು ಒಳಗೆ ಬೆಳಗಿನ ಪರೀಕ್ಷೆಗೆಂದು ಹೊಸ ತುಂಡುಗಳಿಗೆ ಅಂಟು ಸವರಿ ಜೋಡಿಸಿದಳು. ಓವನ್ನಿನಲ್ಲಿಟ್ಟು ಅದರ ತಿರುಪನ್ನು ತೊಂಬತ್ತಾರಕ್ಕೆ ತಂದಳು. ಬೆಳಿಗ್ಗೆ ಯಾರೂ ಬರುವ ಮೊದಲೇ ಬಂದು, ಅಂಟು ಎಷ್ಟು ಗಟ್ಟಿ ಎಂದು ಯಂತ್ರಕ್ಕೆ ಸಿಕ್ಕಿಸಿ ಎಳೆದು ನೋಡುವುದು. ಯಂತ್ರ ಏನು ಹೇಳುತ್ತದೋ ಅದನ್ನು, ಅಕ್ಕ ಇಲ್ಲಿಂದ ಹೋಗುವ ಮೊದಲು, ಅವಳ ಮುಖ ನೋಡಿಯೇ ಹೇಳುವುದು.

"ಇನ್ನೂ ಏನೇ ಮಾಡ್ತಿದೀಯಾ ಒಳಗೆ?"

"ಏನಿಲ್ಲ, ಬಂದೆ ಅಕ್ಕಾ."